ಯೆಜ್ಡಿ ಎರಡು ಸಲ ಸೀಜ್ ಆಗಿದ್ದು ಯಾಕೆ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆ. ಭರಮಸಾಗರ ದಾಟಿದ ಮೇಲೆ ಅಪ್ಪನ ಕಾಲದ ಯೆಜ್ಡಿ ಬೈಕಿನ ಹಿಂದಿನ ಚಕ್ರ ಗಕ್ಕನೆ ಹಿಡ್ಕೊಂಡಿತು. ಇಂಜಿನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿಕೊಂಡಿತ್ತು. ತಕ್ಷಣ ಕ್ಲಚ್ ಒತ್ತಿದ್ದಕ್ಕೆ ಬೀಳಲಿಲ್ಲ. ಬಿಸಿಲು ಜಾಸ್ತಿ, ಪೆಟ್ರೋಲಿಗೆ ಆಯಿಲ್ ಕಮ್ಮಿ ಹಾಕಿರಬೇಕು ಅಂತ ಎಲ್ಲರೂ ಅಂದರು. ಸಿಲಿಂಡರಿನ ಒಳಗೋಡೆ ಕೊರೆಸಿ, ಅಂದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದೆ. ಎರಡೇ ತಿಂಗಳಿಗೆ ಮತ್ತೆ ಸೀಜ್.

ಈ ಸಲ ಮನೆಯಲ್ಲೇ ಬಿಚ್ಚಿದೆ. ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈಯೆಲ್ಲ ಗೀರು. ಬೋರಿನ ಗೋಡೆಗೆ ಅಲ್ಯೂಮಿನಿಯಂ ಬೂದು ಪಟ್ಟಿಯಾಗಿ ಮೆತ್ತಿಕೊಂಡಿತ್ತು. ಪಿಸ್ಟನ್ ಅಲ್ಯೂಮಿನಿಯಂನದು, ಬೋರು ಬೀಡು ಕಬ್ಬಿಣದ್ದು. ಕಾದಾಗ ಎರಡೂ ಹಿಗ್ಗುತ್ತವೆ, ಆದರೆ ಪಿಸ್ಟನ್ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. 65 ಮಿಲಿಮೀಟರ್ ಅಗಲದ ಪಿಸ್ಟನ್ 100 ಡಿಗ್ರಿ ಕಾದರೆ ಸುಮಾರು 0.13 ಮಿ.ಮೀ. ದೊಡ್ಡದಾಗುತ್ತದೆ. ಬೋರು ಅಷ್ಟೇ ಕಾದರೂ 0.07 ಮಿ.ಮೀ. ಮಾತ್ರ. ನಡುವಿನ ಸಂದಿ ಇರೋದೇ ಕೂದಲೆಳೆಯಷ್ಟು. ಅದು ಮುಚ್ಚಿದರೆ ಸೀಜ್ ಆಯ್ತು ಅಂತಲೇ.

ಸರಿ, ಅಷ್ಟೊಂದು ಕಾದಿದ್ದು ಯಾಕೆ? ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗೇ ರೇಸ್ ಆಗ್ತಿದ್ದದ್ದು ಆಗ ನೆನಪಾಯ್ತು.

ಈ ಹಳೇ ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನ್. ಅದರಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಕೋಣೆಯೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲು, ಆಯಿಲ್ ಮೂರನ್ನೂ ಎಳೆದುಕೊಳ್ಳುತ್ತದೆ. ಕ್ರ್ಯಾಂಕಿನ ಎರಡೂ ತುದಿಗೆ ಇರುವ ರಬ್ಬರ್ ಸೀಲು ಸೋರಿದರೆ ಬರೀ ಗಾಳಿ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಮ್ಮಿಯಾಗಿ ಇಂಜಿನ್ ಕಾಯುತ್ತದೆ. ಆಯಿಲ್ ಬರೋದೂ ಪೆಟ್ರೋಲಿನ ಜೊತೆಗೇ ಅಲ್ವಾ? ಶಾಖ ಜಾಸ್ತಿ ಆದ ಹೊತ್ತಿಗೇ ಜಿಡ್ಡು ಕಮ್ಮಿ ಆಗುತ್ತದೆ.

ಸೋರಿಕೆ ಹುಡುಕೋದು ಪಂಕ್ಚರ್ ಅಂಗಡಿಯ ಕೆಲಸದ ಹಾಗೇ. ಇಂಜಿನ್ ಸುಮ್ನೆ ಮತ್ತೆ ಜೋಡಿಸಿ, ಕಾರ್ಬುರೇಟರ್ ಬಾಯಿ, ಎರಡು ಸೈಲೆನ್ಸರ್ ಬಾಯಿ ಮೂರನ್ನೂ ಹಳೇ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಮುಚ್ಚಿದೆ. ಹಳೇ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅಲ್ಲಿ ಟ್ಯೂಬಿನ ವಾಲ್ವ್ ಅಂಟಿಸಿ ಅದನ್ನು ಹೆಡ್ಡಿಗೆ ಬಿಗಿದೆ. ಪಿಸ್ಟನ್ ಪೂರ್ತಿ ಕೆಳಗಿಳಿಸಿಟ್ಟೆ, ಆಗ ಮೇಲಿನ ಗಾಳಿ ಕ್ರ್ಯಾಂಕಿನ ಕೋಣೆಗೂ ಹೋಗುತ್ತದೆ. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆದೆ. ಜಾಸ್ತಿ ಹೊಡೆಯಬಾರದು, ಒತ್ತಡಕ್ಕೆ ಒಳ್ಳೆಯ ಸೀಲೂ ಹಾಳಾದೀತು. ಸೋಪಿನ ನೀರನ್ನು ಬ್ರಷ್ಷಿನಲ್ಲಿ ಬಳಿಯುತ್ತ ಬಂದೆ. ಹೆಡ್ ಹತ್ತಿರ ಏನೂ ಇಲ್ಲ, ಪ್ಯಾಕಿಂಗ್ ಹತ್ತಿರವೂ ಇಲ್ಲ. ಕ್ರ್ಯಾಂಕಿನ ಒಂದು ತುದಿಯ ಸೀಲಿನ ಹತ್ತಿರ, ಡೈನಮೋ ಬಿಚ್ಚಿದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

ಸೀಲು ತೆಗೆದು ನೋಡಿದರೆ ಅದರ ತುಟಿ ಉಗುರಿನಲ್ಲಿ ಒತ್ತಿದರೂ ಬಾಗದಷ್ಟು ಗಟ್ಟಿಯಾಗಿತ್ತು. ಗಾಡಿ ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದರೆ ರಬ್ಬರು ಹೀಗೇ ಒಣಗುತ್ತದೆ. ಹೊಸದರ ತುಟಿಗೆ ಗ್ರೀಸ್ ಸವರಿ ಕೂರಿಸಿ, ಮತ್ತೆ ಪಂಪ್ ಹೊಡೆದೆ. ಗುಳ್ಳೆ ಬರಲಿಲ್ಲ. ಸಿಲಿಂಡರನ್ನು ಬೋರ್ ಮಾಡಿಸಲು ಕಳಿಸಿದ್ದು ಅದಾದ ಮೇಲೆಯೇ.