ಘಟ್ಟ ಹತ್ತಿ ಬಂದ ಮೀನು: ಕೊಳ್ಳುವ ಮುನ್ನ ಏನು ನೋಡಬೇಕು?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆದರೆ ಆ ಎರಡು ತಿಂಗಳೂ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಅಂಗಡಿಗಳಲ್ಲಿ ಅಂಜಲ್, ಪಾಂಪ್ಲೆಟ್, ಬಂಗುಡೆ ಸಿಗುತ್ತಲೇ ಇರುತ್ತವೆ. ‘ಮಲ್ಪೆದು, ಇವತ್ತಿನ ಮಾಲು’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಸ್ವಲ್ಪ ಯೋಚಿಸಿ. ಆಗ ನಮ್ಮ ಕರಾವಳಿಯಲ್ಲಿ ಬಲೆ ಬೀಸುವುದು ನಾಡದೋಣಿಗಳು. ಅವೂ ಕಡಲು ತಣ್ಣಗಿದ್ದ ದಿನ, ದಡದ ಹತ್ತಿರ ಮಾತ್ರ. ಅವಕ್ಕೆ ಸಿಗಡಿಯೋ ಸಣ್ಣ ಮೀನೋ ಸಿಕ್ಕೀತು, ರಾಶಿ ರಾಶಿ ಅಂಜಲ್ ಸಿಗುವುದಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುವುದರಿಂದ, ಜೂನ್ ಮಧ್ಯದಿಂದ ಆಂಧ್ರ, ತಮಿಳುನಾಡಿನ ಮೀನು ಲಾರಿಯಲ್ಲಿ ಬರುತ್ತದೆ. ಉಳಿದದ್ದು ಶೈತ್ಯಾಗಾರದ ಮಾಲು.

ಶೈತ್ಯಾಗಾರದ ಮೀನು ಕೆಟ್ಟದ್ದೇನಲ್ಲ. ಹಿಡಿದ ಕೂಡಲೇ ಗಟ್ಟಿ ಮಾಡಿ ಮೈನಸ್ 18 ಡಿಗ್ರಿಯಲ್ಲಿಟ್ಟರೆ, ಎರಡು ದಿನ ಐಸಿಲ್ಲದೆ ಅಲೆದಾಡಿದ ‘ತಾಜಾ’ ಮೀನಿಗಿಂತ ಅದೇ ವಾಸಿ. ತೊಂದರೆ ಇರುವುದು ಅದನ್ನು ಕರಗಿಸಿ ತಾಜಾ ಎಂದು ಮಾರಿದಾಗ. ನೀವು ಮನೆಗೆ ತಂದು ಮತ್ತೆ ಫ್ರೀಜರಿಗೆ ಹಾಕುತ್ತೀರಿ. ಎರಡನೇ ಸಲ ಗಟ್ಟಿಯಾದಾಗ ಮಾಂಸದ ಎಳೆ ಒಡೆದು, ಸಾರಿನಲ್ಲಿ ಬೆಂದರೆ ಹತ್ತಿಯಂತಾಗುತ್ತದೆ. ತುಂಡನ್ನು ಬೆರಳಲ್ಲಿ ಒತ್ತಿ ನೋಡಿ. ಒತ್ತಿದಲ್ಲಿ ನೀರು ಒಸರಿ ಗುಳಿ ಹಾಗೇ ಉಳಿದರೆ ಕರಗಿಸಿದ್ದಿರಬಹುದು. ಅದನ್ನು ಅಂದೇ ಅಡುಗೆ ಮಾಡಿ ಮುಗಿಸಿ.

ಮೀನಂಗಡಿಯಲ್ಲಿ ಮೊದಲು ಮೀನನ್ನಲ್ಲ, ಐಸನ್ನು ನೋಡಬೇಕು. ಒಂದು ಕೆಜಿ ಮೀನಿಗೆ ಒಂದು ಕೆಜಿ ಪುಡಿ ಐಸು, ಒಂದು ಪದರ ಮೀನು ಒಂದು ಪದರ ಐಸು, ಕರಗಿದ ನೀರು ಹೊರಗೆ ಹರಿಯಲು ಪೆಟ್ಟಿಗೆಯ ತಳದಲ್ಲಿ ತೂತು: ಕ್ರಮ ಇದು. ಹಳ್ಳಿಗೆ ಹಾರನ್ ಹೊಡೆಯುತ್ತ ಬರುವ ಬೈಕಿನ ಪೆಟ್ಟಿಗೆಯಲ್ಲಿ ಹಲವು ಸಲ ತಳದ ಮೀನು ಕೆಂಪು ನೀರಿನಲ್ಲಿ ಮುಳುಗಿರುತ್ತದೆ. ಆ ನೀರು ರಕ್ತ, ಲೋಳೆ, ಹೊಟ್ಟೆಯ ಕೊಳೆ ಸೇರಿ ಆದದ್ದು. ಮೇಲಿನ ಐಸಿನ ಕೆಳಗಿಂದ ತೆಗೆದುಕೊಡಲು ಹೇಳಿ, ತಳದ್ದು ಬೇಡ.

ಇನ್ನು ಬಂಗುಡೆಯನ್ನು ಕೈಗೆತ್ತಿಕೊಳ್ಳಿ. ತಲೆ ಹಿಡಿದು ಅಡ್ಡಲಾಗಿ ಎತ್ತಿದಾಗ ಬಾಲ ತೀರಾ ಜೋತುಬೀಳಬಾರದು. ಬೆನ್ನಿನ ನೀಲಿ-ಹಸಿರು ಪಟ್ಟೆಗಳು ಹೊಳೆಯುತ್ತಿರಬೇಕು. ಕಣ್ಣು ಉಬ್ಬಿ, ಒಳಗಿನ ಕಪ್ಪು ಸ್ವಚ್ಛವಾಗಿ ಕಾಣಬೇಕು. ಕಿವಿರಿನ ಮುಚ್ಚಳ ಎತ್ತಿದರೆ ಕೆಂಪು ಎಳೆಗಳು ಬಿಡಿಬಿಡಿಯಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಅಂಟು ಲೋಳೆ ಕಟ್ಟಿದ್ದರೆ ಬಿಡಿ. ಕೊನೆಗೆ ಹೊಟ್ಟೆ. ಬೂತಾಯಿ (ಸಾರ್ಡೀನ್), ಬಂಗುಡೆಯ ಹೊಟ್ಟೆಯೊಳಗಿನ ಜೀರ್ಣರಸ ಬಲು ಚುರುಕು, ಮೀನು ಸತ್ತ ಮೇಲೆ ಅದು ತನ್ನ ಹೊಟ್ಟೆಯ ಗೋಡೆಯನ್ನೇ ತಿನ್ನತೊಡಗುತ್ತದೆ. ಹೊಟ್ಟೆ ಒಡೆದ ಬೂತಾಯಿ ಅಗ್ಗಕ್ಕೆ ಸಿಗುವುದು ಇದಕ್ಕೇ. ಸಾರಿನ ಹುಳಿ-ಖಾರದಲ್ಲಿ ಅದು ಮುಚ್ಚಿಹೋಗುತ್ತದೆ ಎಂದು ತರಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಂಗುಡೆ, ಬೂತಾಯಿ, ಅಂಜಲ್, ಕೇದರ (ಟ್ಯೂನಾ) ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಬೆಚ್ಚಗಾದಾಗ ಬ್ಯಾಕ್ಟೀರಿಯಾ ಇದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಆಯಿತೆಂದರೆ ಮತ್ತೆ ಐಸು ಹಾಕಿದರೂ ಹೋಗದು, ಕುದಿಸಿದರೂ ಹುರಿದರೂ ಹೋಗದು. ಊಟವಾದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ಬಾಯಿ ಚುರುಗುಟ್ಟುವುದು, ಮೈ ತುರಿಕೆ, ತಲೆನೋವು, ಎದೆ ಡವಗುಟ್ಟುವುದು ಶುರುವಾಗುತ್ತದೆ. ‘ನಂಗೆ ಬಂಗುಡೆ ಆಗಿ ಬರಲ್ಲ, ನಂಜು’ ಎನ್ನುವ ಎಷ್ಟೋ ಜನರಿಗೆ ಆದದ್ದು ಅಲರ್ಜಿಯಲ್ಲ, ಐಸು ತಪ್ಪಿದ ಮೀನಿನ ಹಿಸ್ಟಮಿನ್ ಇರಬಹುದು. ಒಂದೇ ಪಂಕ್ತಿಯಲ್ಲಿ ಉಂಡ ಹಲವರಿಗೆ ಒಟ್ಟಿಗೇ ಆದರೆ ಅನುಮಾನ ಇನ್ನೂ ಗಟ್ಟಿ. ಉಬ್ಬಸ ಇರುವವರು ಕಾಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಹಾಗಾಗಿ ಪೇಟೆಯಿಂದ ಹಳ್ಳಿಗೆ ಒಂದು ಗಂಟೆ ದಾರಿಯಿದ್ದರೆ ಮೀನನ್ನು ಕೊನೆಗೆ ಕೊಳ್ಳಿ, ಜೊತೆಗೆ ಎರಡು ಹಿಡಿ ಐಸು ಕೇಳಿ, ಬೈಕಿನ ಹ್ಯಾಂಡಲಿಗೆ ಬಿಸಿಲಲ್ಲಿ ಕವರ್ ನೇತುಹಾಕಬೇಡಿ. ಮನೆಗೆ ಬಂದವರೇ ಕರುಳು, ಕಿವಿರು ತೆಗೆದು ತೊಳೆದಿಡಿ.

ಶವ ಕೆಡದಂತೆ ಇಡಲು ಬಳಸುವ ರಾಸಾಯನಿಕ ಫಾರ್ಮಲಿನ್‌ನ ಹೆದರಿಕೆಯೂ ಜನರಲ್ಲಿದೆ. ಮೀನಿಗೆ ಅದನ್ನು ಹಾಕುವುದು ಕಾನೂನುಬಾಹಿರ. ಆದರೆ ‘ನೊಣ ಕೂರದಿದ್ದರೆ ಫಾರ್ಮಲಿನ್’ ಎಂಬ ಪರೀಕ್ಷೆ ನಂಬತಕ್ಕದ್ದಲ್ಲ, ಚೆನ್ನಾಗಿ ಐಸು ಹಾಕಿದ ಮೀನಿನ ಮೇಲೂ ನೊಣ ಕೂರುವುದು ಕಡಿಮೆ. ಕಣ್ಣು ಗುಳಿಬಿದ್ದು, ಕಿವಿರು ಬಿಳಿಚಿಕೊಂಡಿದ್ದರೂ ಮೈ ಮಾತ್ರ ಬಿರುಸಾಗಿದ್ದು ಮೀನಿನ ವಾಸನೆಯೇ ಇಲ್ಲದಿದ್ದರೆ ಅನುಮಾನಿಸಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ, ಫಾರ್ಮಲಿನ್ ಪತ್ತೆಮಾಡುವ ಕಾಗದದ ಪರೀಕ್ಷಾ ಪಟ್ಟಿಗಳಿವೆ. ಖಚಿತ ಉತ್ತರಕ್ಕೆ ಪ್ರಯೋಗಾಲಯವೇ ಬೇಕು.

ಮೀನಿನ ಗಾತ್ರದ ವಿಷಯಕ್ಕೆ ಬರೋಣ. ಕೊಳ್ಳುವವರ ಕೈಯಲ್ಲಿ ಕಡಲಿನ ಭವಿಷ್ಯ ನಿಜವಾಗಿ ಇರುವುದು ಇಲ್ಲೇ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಅದು 4 ಸಾವಿರ ಟನ್ನಿಗೂ ಕೆಳಗಿಳಿಯಿತು. ಕಡಲಿನ ಹವೆ ಬದಲಾದದ್ದೂ ಕಾರಣ, ಮರಿಗಳನ್ನೇ ಬಾಚಿ ಮೀನುಹುಡಿ ಕಾರ್ಖಾನೆಗೆ ಕಳಿಸಿದ್ದೂ ಕಾರಣ. ಅಲ್ಲಿನ ಸರ್ಕಾರ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕನಿಷ್ಠ ಉದ್ದ ಗೊತ್ತುಮಾಡಿದೆ. ಇದು ಕಾನೂನಿನ ಗೆರೆ ಅಷ್ಟೆ. ಮೀನು ಒಮ್ಮೆಯಾದರೂ ಮೊಟ್ಟೆಯಿಡಬೇಕಾದರೆ ಇನ್ನೂ ಸ್ವಲ್ಪ ಬೆಳೆಯಬೇಕು. ತಕ್ಕಡಿಯ ಲೆಕ್ಕದಲ್ಲಿ ಹೇಳುವುದಾದರೆ, ಕೆಜಿಗೆ 10-12 ತೂಗುವ ಬಂಗುಡೆ ಬಲಿತದ್ದು, 30ಕ್ಕಿಂತ ಹೆಚ್ಚು ತೂಗಿದರೆ ಮರಿ. ಬೂತಾಯಿ ಕೆಜಿಗೆ 25-30 ಬಂದರೆ ಸರಿ, ನೂರರ ಹತ್ತಿರ ಹೋದರೆ ಮುಟ್ಟಬೇಡಿ. ಅಂಜಲ್ ಒಂದು ಕೆಜಿಯದ್ದು ಇನ್ನೂ ಎಳೆಯದು, ಮೊಟ್ಟೆಯಿಡುವ ಹೊತ್ತಿಗೆ ಅದು ಎರಡು ಕೆಜಿ ದಾಟಿರುತ್ತದೆ.

ಹಾಗಂತ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವ ಹಾಗೂ ಇಲ್ಲ. ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ವರ್ಷವರ್ಷಕ್ಕೂ ಸೇರುತ್ತದೆ. ಶಾರ್ಕ್, ತುಂಬ ದೊಡ್ಡ ಅಂಜಲ್, ದೊಡ್ಡ ಕೇದರಗಳನ್ನು ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು ತಿನ್ನದಿರುವುದೇ ಒಳ್ಳೆಯದು. ಶಾರ್ಕ್, ತೊರಕೆಗಳು ಮರಿ ಹಾಕುವುದೇ ಬೆರಳೆಣಿಕೆ. ಕೆಲವು ಜಾತಿಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲೂ ಇವೆ. ಬೂತಾಯಿ, ಬಂಗುಡೆ, ಕೊಲ್ಲತರು ಅಲ್ಪಾಯುಷಿಗಳಾದ್ದರಿಂದ ಪಾದರಸ ಕಡಿಮೆ, ಹೃದಯಕ್ಕೆ ಬೇಕಾದ ಒಮೆಗಾ-3 ಜಾಸ್ತಿ. ಮಳೆಗಾಲ ಮುಗಿದ ಮೇಲೆ ಬೂತಾಯಿಯಲ್ಲಿ ಎಣ್ಣೆ ತುಂಬಿರುತ್ತದೆ, ರುಚಿಯೂ ಆಗಲೇ. ವಾರಕ್ಕೆ ಎರಡು ಊಟ ಇಂಥ ಮೀನಾದರೆ ಸಾಕು. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಆ ಲಾಭದಲ್ಲಿ ಒಂದು ಪಾಲು ಹೋಗುತ್ತದೆ; ಸಾರು, ಪುಳಿಮುಂಚಿ, ಬಾಳೆಲೆಯಲ್ಲಿ ಬೇಯಿಸಿದ್ದು ಉತ್ತಮ.

ಪಾಂಪ್ಲೆಟ್ ಕೊಳ್ಳುವವರು ಒಂದು ಮೋಸ ಅರಿತಿರಬೇಕು. ಕೆರೆಯಲ್ಲಿ ಸಾಕುವ ರೂಪ್‌ಚಂದ್ ಎಂಬ ದಕ್ಷಿಣ ಅಮೆರಿಕದ ಮೀನನ್ನು ಕೆಲವರು ಪಾಂಪ್ಲೆಟ್ ಎಂದೇ ಮಾರುತ್ತಾರೆ. ಬಾಯಿ ಬಿಡಿಸಿ ನೋಡಿ: ಮನುಷ್ಯನ ದವಡೆಯಂಥ ಗಟ್ಟಿ ಹಲ್ಲುಗಳು, ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಸಣ್ಣದೊಂದು ಮಾಂಸದ ರೆಕ್ಕೆ, ಎದೆಯ ಹತ್ತಿರ ಕೆಂಪು ಛಾಯೆ. ಪಾಂಪ್ಲೆಟ್‌ಗೆ ಇವು ಯಾವುವೂ ಇಲ್ಲ. ರೂಪ್‌ಚಂದ್ ತಿನ್ನಲು ಅಡ್ಡಿಯಿಲ್ಲ, ರೂಪ್‌ಚಂದ್ ಬೆಲೆಗೆ ಕೊಡಲಿ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬೇಡವೇ ಬೇಡ. ಅದರ ಸಾಕಣೆಗೆ ದೇಶದಲ್ಲಿ 2000ದಿಂದಲೂ ನಿಷೇಧವಿದೆ. ಹೊಂಡದಿಂದ ತಪ್ಪಿಸಿಕೊಂಡು ಹಳ್ಳ ಸೇರಿದರೆ ನಮ್ಮ ನಾಟಿ ಮೀನುಗಳನ್ನೆಲ್ಲ ನುಂಗುತ್ತದೆ, ಹಲವೆಡೆ ಅದನ್ನು ಕೋಳಿ ಅಂಗಡಿಯ ಕಸ ಹಾಕಿ ಬೆಳೆಸುತ್ತಾರೆ. ಮೀಸೆಯಿರುವ ಈ ಮೀನು ಒಂದೆರಡು ಕೆಜಿ ತೂಗುತ್ತಿದ್ದರೆ ಅದು ನಾಟಿ ಮುರುಗೋಡು ಎಂಬ ಮಾತನ್ನು ನಂಬಬೇಡಿ.

ಸಿಹಿನೀರಿನ ಮೀನನ್ನು ಕೀಳಾಗಿ ಕಾಣುವ ಚಾಳಿ ಬಿಟ್ಟರೆ ಮಲೆನಾಡಿನವರಿಗೆ ಒಳ್ಳೆಯ ಆಯ್ಕೆ ಕಾಲಬುಡದಲ್ಲೇ ಇದೆ. ಭದ್ರಾ, ಲಿಂಗನಮಕ್ಕಿ ಜಲಾಶಯಗಳ ಮತ್ತು ಊರ ಕೆರೆಗಳ ಕಾಟ್ಲಾ, ರೋಹು ಬೆಳಗ್ಗೆ ಹಿಡಿದದ್ದು ಮಧ್ಯಾಹ್ನಕ್ಕೆ ಸಿಗಬಲ್ಲದು. ಈ ಗೆಂಡೆ ಮೀನುಗಳ ಮರಿಗಳನ್ನು ಭದ್ರಾ ಅಣೆಕಟ್ಟೆಯ ಬಳಿಯ ಬಿ.ಆರ್.ಪಿ.ಯಲ್ಲಿರುವಂಥ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಬೆಳೆಸಿ ಬಿಡುವುದರಿಂದ, ತಿಂದಷ್ಟೂ ಹೊಳೆ ಬರಿದಾಗುವ ಭಯವಿಲ್ಲ. ಕೆಸರು ವಾಸನೆ ಇದ್ದರೆ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆದು, ತುಂಡಿಗೆ ಉಪ್ಪು, ಅರಿಸಿನ, ಗಟ್ಟಿ ಹುಣಸೆರಸ ಸವರಿ 20 ನಿಮಿಷ ಬಿಟ್ಟು ತೊಳೆಯಿರಿ. ವಾಸನೆ ತರುವ ಅಂಶವನ್ನು ಹುಳಿ ಒಡೆಯುತ್ತದೆ.

ಹೊಳೆ ಮೀನಿನ ವಿಷಯ ಬೇರೆ. ಮುಂಗಾರಿನ ಮೊದಲ ಜಡಿಮಳೆಗೆ ಮೊಟ್ಟೆ ತುಂಬಿಕೊಂಡು ಗದ್ದೆಗೆ, ತೋಡಿಗೆ ಏರುವ ಹತ್ತುಮೀನನ್ನು ಕೂಣಿ (ಬಿದಿರಿನ ಬೋನು) ಇಟ್ಟು ಹಿಡಿಯುವುದು ಹಳೆಯ ರೂಢಿ. ಹಿಂದೆ ಮನೆಯೂಟಕ್ಕಷ್ಟೇ ಹಿಡಿಯುತ್ತಿದ್ದರು. ಈಗ ತೋಡಿನ ಬಾಯಿಗೇ ಸಣ್ಣ ಕಣ್ಣಿನ ಬಲೆ ಕಟ್ಟಿ ಮಾರುತ್ತಾರೆ, ಒಂದು ಹೆಣ್ಣು ಮೀನಿನ ಜೊತೆ ಸಾವಿರಾರು ಮರಿ ಹೋಗುತ್ತವೆ. ಜೂನ್, ಜುಲೈನಲ್ಲಿ ಹೊಟ್ಟೆ ಉಬ್ಬಿದ ಹೊಳೆ ಮೀನನ್ನು ಕೊಳ್ಳಬೇಡಿ. ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲೂ ಶೃಂಗೇರಿಯಲ್ಲೂ ತುಂಗೆಯ ಮಹಶೀರ್ ಉಳಿದಿರುವುದು ಅಲ್ಲಿ ಯಾರೂ ಹಿಡಿಯದ್ದರಿಂದ. ಬೇಸಿಗೆಯಲ್ಲಿ ಮಡುವಿಗೆ ಸಿಡಿಮದ್ದು, ಬ್ಲೀಚಿಂಗ್ ಪುಡಿ ಹಾಕಿ ಹಿಡಿದ ಮೀನೂ ಬರುತ್ತದೆ. ಸಿಡಿಮದ್ದಿನದ್ದಾದರೆ ಹೊಟ್ಟೆಯೊಳಗೆ ರಕ್ತ ಹೆಪ್ಪುಗಟ್ಟಿ, ಬೆನ್ನುಮೂಳೆ ಮುರಿದಿರುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆದರೂ ಮೀನು ತೇಲುತ್ತವೆ, ಅದರಲ್ಲಿರುವ ಮೈಲುತುತ್ತ ಮೀನಿಗೆ ಕಡು ವಿಷ. ತಾನಾಗಿ ಸತ್ತು ತೇಲಿದ ಮೀನನ್ನು ಯಾವ ಕಾರಣಕ್ಕೂ ಒಲೆಗೆ ಏರಿಸಬೇಡಿ.

ಮಳೆಗಾಲಕ್ಕೆಂದು ಒಣಮೀನು ಕೂಡಿಡುವವರು ಮೇ ತಿಂಗಳಲ್ಲೇ ಕೊಂಡು, ಮತ್ತೊಂದು ಬಿಸಿಲು ಕೊಟ್ಟು, ಗಾಳಿಯಾಡದ ಡಬ್ಬಿಯಲ್ಲಿಡಿ. ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ನೀರಿನಂಶ ಉಳಿದಿದೆ. ಮೇಲೆ ಗುಲಾಬಿ ಬಣ್ಣದ ಅಂಟು ಕಲೆ ಕಂಡರೆ ಉಪ್ಪಿನಲ್ಲೇ ಬೆಳೆಯುವ ಬ್ಯಾಕ್ಟೀರಿಯಾ ಹಿಡಿದಿದೆ ಎಂದರ್ಥ. ಒರೆಸಿ ಬಳಸದೆ ಎಸೆಯಿರಿ. ರಕ್ತದೊತ್ತಡ ಇರುವವರು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ನೆನೆಸಿ ಸಾರಿಗೆ ಹಾಕಲಿ, ಸಾರಿಗೆ ಬೇರೆ ಉಪ್ಪು ಹಾಕುವುದು ಬೇಡ.