ಒಲೆ ಗೋಡೆಗೆ ಸರಿದಾಗ

ನ್ಯೂಟನ್ ಹುಟ್ಟಿದ ಮನೆಗೆ ಹೋದವರು ಮೊದಲು ಹುಡುಕುವುದು ಸೇಬಿನ ಮರ. ಅಲ್ಲೇ ಇರುವ ಮನೆಯನ್ನು ಫೋಟೊಗೆ ಹಿಂದಿರಲಿ ಅಂತ ಬಿಟ್ಟುಬಿಡುತ್ತಾರೆ. ನನಗೆ ಮನೆಯ ಮೇಲೇ ಕುತೂಹಲ ಜಾಸ್ತಿ.

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿರುವ ಈ ಮನೆಯ ಹೆಸರು ವೂಲ್ಸ್‌ಥಾರ್ಪ್ ಮ್ಯಾನರ್. ಹೆಸರು ಕೇಳಿದರೆ ದೊಡ್ಡ ಬಂಗಲೆ ಅನ್ನಿಸುತ್ತದೆ, ಅಲ್ವಾ? ನೋಡಿದರೆ ಕುರಿ ಸಾಕುವ ರೈತನ ಮನೆ. ಸುಣ್ಣಕಲ್ಲಿನ ಗೋಡೆ, ಕಿಟಕಿಗಳಿಗೆ ಕಲ್ಲಿನದೇ ನಡುಕಂಬಿ. ನ್ಯೂಟನ್‌ನ ಅಜ್ಜ ರಾಬರ್ಟ್ 1623ರಲ್ಲಿ ಈ ಆಸ್ತಿ ಕೊಂಡ. ಅಪ್ಪನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ, ಆದರೆ ಸಾಯುವಾಗ 200ಕ್ಕೂ ಹೆಚ್ಚು ಕುರಿ ಬಿಟ್ಟುಹೋದ. ಇಂಥ ರೈತನಿಗೆ ಮಹಡಿ ಇರುವ ಕಲ್ಲಿನ ಮನೆ ಹೇಗೆ ಬಂತು?

ಅದಕ್ಕೂ ಹಿಂದೆ ಇಂಗ್ಲೆಂಡಿನ ಬಹುಪಾಲು ರೈತರ ಮನೆ ಮರದ ಚೌಕಟ್ಟು, ಮಣ್ಣಿನ ಗೋಡೆ, ಹುಲ್ಲಿನ ಸೂರು. ಕಲ್ಲೇನಿದ್ದರೂ ಚರ್ಚಿಗೆ, ಕೋಟೆಗೆ, ಸಿರಿವಂತರಿಗೆ. ಒಳಗೊಂದು ದೊಡ್ಡ ಪಡಸಾಲೆ, ನಟ್ಟನಡುವೆ ನೆಲದ ಮೇಲೇ ಬೆಂಕಿ. ಹೊಗೆ ಸೂರಿನ ಸಂದಿಯಲ್ಲಿ ತಾನೇ ದಾರಿ ಮಾಡಿಕೊಂಡು ಹೋಗಬೇಕು. ಹೀಗಾಗಿ ಪಡಸಾಲೆಯ ಮೇಲೆ ಮಹಡಿ ಕಟ್ಟುವ ಹಾಗೇ ಇರಲಿಲ್ಲ. ಕಟ್ಟಿದರೆ ಹೊಗೆಯಲ್ಲಿ ಮಲಗಬೇಕಿತ್ತು.

16ನೇ ಶತಮಾನದಲ್ಲಿ ಬೆಂಕಿ ನಡುಮನೆ ಬಿಟ್ಟು ಗೋಡೆಗೆ ಸರಿಯಿತು, ಮೇಲೆ ಚಿಮಣಿ ಎದ್ದಿತು. ಎಸೆಕ್ಸ್‌ನ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಬರೆದ ಪ್ರಕಾರ, ತಮ್ಮ ಕಾಲದಲ್ಲೇ ಎಷ್ಟೊಂದು ಚಿಮಣಿ ಬಂದುಬಿಟ್ಟವು ಅಂತ ಊರಿನ ಮುದುಕರು ಬೆರಗಾಗುತ್ತಿದ್ದರಂತೆ. ಮೊದಲೆಲ್ಲ ತಲೆಗೆ ಮರದ ದಿಮ್ಮಿ ಇಟ್ಟುಕೊಂಡು ಮಲಗುತ್ತಿದ್ದೆವು, ದಿಂಬು ಬಾಣಂತಿಯರಿಗೆ ಮಾತ್ರ ಅಂತಲೂ ಹೇಳುತ್ತಿದ್ದರಂತೆ.

ದುಡ್ಡೂ ಆಗಲೇ ಬಂತು. ಧಾನ್ಯ, ಉಣ್ಣೆಯ ಬೆಲೆ ಏರಿತು; ಹಳೇ ಕರಾರಿನ ಗೇಣಿ ಮಾತ್ರ ಎಷ್ಟೋ ಕಡೆ ಇದ್ದಲ್ಲೇ ಇತ್ತು. ಮಿಕ್ಕ ದುಡ್ಡು ಮನೆಗೆ ಹೋಯಿತು. 1570ರಿಂದ 1640ರ ಈ ಅವಧಿಗೆ ಇತಿಹಾಸಕಾರರು ‘ಮಹಾ ಮರುನಿರ್ಮಾಣ’ ಅಂತ ಹೆಸರಿಟ್ಟರು. ಉತ್ತರದ ಜಿಲ್ಲೆಗಳಲ್ಲಿ ಇದು ನಡೆದದ್ದು ಇನ್ನೂ ತಡವಾಗಿ, ಹಾಗಾಗಿ ಆ ಇಸವಿಗಳನ್ನು ಬಹಳ ಬಿಗಿಯಾಗಿ ಹಿಡಿಯಬೇಕಿಲ್ಲ. ಕಲ್ಲು ಎಲ್ಲಿಂದ ಅನ್ನುವುದಕ್ಕೆ ಉತ್ತರ ಸುಲಭ. ಡಾರ್ಸೆಟ್‌ನಿಂದ ಕಾಟ್ಸ್‌ವೋಲ್ಡ್ ದಾಟಿ ಲಿಂಕನ್‌ಶೈರ್‌ವರೆಗೂ ಸುಣ್ಣಕಲ್ಲಿನ ಪಟ್ಟಿಯೇ ಇದೆ. ಭಾರದ ಕಲ್ಲನ್ನು ಗಾಡಿಯಲ್ಲಿ ದೂರ ಸಾಗಿಸುವುದು ದುಬಾರಿ. ಹತ್ತಿರ ಸಿಕ್ಕಿದ್ದರಲ್ಲೇ ಕಟ್ಟಿದರು.

ಒಲೆ ಹೆಚ್ಚಿದ್ದು ಸರ್ಕಾರದ ಕಣ್ಣಿಗೂ ಬಿತ್ತು. 1662ರಲ್ಲಿ ಒಲೆ ತೆರಿಗೆ ಬಂತು: ಒಂದು ಒಲೆಗೆ ವರ್ಷಕ್ಕೆ 2 ಶಿಲ್ಲಿಂಗ್. ಅಧಿಕಾರಿಗಳು ಮನೆಯೊಳಗೇ ನುಗ್ಗಿ ಎಣಿಸುತ್ತಿದ್ದರು, ಜನ ಶಪಿಸುತ್ತಿದ್ದರು. 1689ರಲ್ಲಿ ಅದು ಹೋಯಿತು. 1696ರಲ್ಲಿ ಕಿಟಕಿ ತೆರಿಗೆ ಬಂತು, ಕಿಟಕಿಯನ್ನಾದರೆ ಬೀದಿಯಲ್ಲೇ ನಿಂತು ಎಣಿಸಬಹುದಲ್ಲ! 1851ರವರೆಗೂ ಅದು ಇತ್ತು. ಹಳೇ ಮನೆಗಳಲ್ಲಿ ಕಲ್ಲು, ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿ ಕಂಡರೆ, ಎಲ್ಲವೂ ಅಲ್ಲದಿದ್ದರೂ ಕೆಲವು ಆ ತೆರಿಗೆ ತಪ್ಪಿಸಿಕೊಂಡ ಗುರುತು.

ವೂಲ್ಸ್‌ಥಾರ್ಪ್ ಮನೆ 1943ರಲ್ಲಿ, ಹಳೇ ಮನೆಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಪ್ಲೇಗ್ ಕಾಲದಲ್ಲಿ ಕೇಂಬ್ರಿಜ್ ಮುಚ್ಚಿದಾಗ ನ್ಯೂಟನ್ ಇಲ್ಲಿಗೇ ಮರಳಿದ್ದ. ಕತ್ತಲು ಮಾಡಿದ ಕೋಣೆಗೆ ಸಣ್ಣ ತೂತಿನಿಂದ ಬೆಳಕು ಬಿಟ್ಟು, ಗಾಜಿನ ಪಟ್ಟಕದಲ್ಲಿ ಅದನ್ನು ಬಣ್ಣಬಣ್ಣವಾಗಿ ಒಡೆದು ನೋಡಿದ. 2017ರಲ್ಲಿ ಸಂಶೋಧಕರು ಅದೇ ಮನೆಯ ಗೋಡೆಗಳ ಮೇಲೆ ಬೇರೆ ಬೇರೆ ಕೋನದಿಂದ ಬೆಳಕು ಹಾಯಿಸಿ ಫೋಟೊ ತೆಗೆದರು. ಕೆಳಗಿನ ಪಡಸಾಲೆಯಲ್ಲಿ ಒಂದು ಗಾಳಿಗಿರಣಿಯ ಚಿತ್ರ ಮೂಡಿತು, ಬರಿಗಣ್ಣಿಗೆ ಕಾಣದಷ್ಟು ನವಿರಾಗಿ ಗೀಚಿದ್ದು. ಹುಡುಗ ನ್ಯೂಟನ್ ಗೀಚಿದ್ದಿರಬೇಕು ಅನ್ನುತ್ತಾರೆ. ಅದು ಇರುವುದು ಒಲೆಯ ಪಕ್ಕದಲ್ಲೇ.