ಖಜಾನೆ ಮುಟ್ಟದೆ ಅಗ್ಗದ ಮನೆ: ಸಾಂದ್ರತೆ ಬೋನಸ್ಸಿನ ಲೆಕ್ಕಾಚಾರ

ಕಡಿಮೆ ಆದಾಯದವರಿಗೆ ನಗರದಲ್ಲಿ ಮನೆ ಸಿಗಬೇಕಾದರೆ ಸರ್ಕಾರ ದುಡ್ಡು ಸುರಿಯಬೇಕು, ಇಲ್ಲವೇ ಬಿಲ್ಡರುಗಳ ಮನಸ್ಸು ಕರಗಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1979ರಲ್ಲಿ ತಂದ ಸಾಂದ್ರತೆ ಬೋನಸ್ ಕಾನೂನು ಇವೆರಡನ್ನೂ ನೆಚ್ಚಿಕೊಂಡಿಲ್ಲ. ಒಂದು ನಿವೇಶನದಲ್ಲಿ ಇಷ್ಟೇ ಮನೆಗಳಿರಬೇಕೆಂದು ನಗರಾಡಳಿತ ಹಾಕಿದ ಮಿತಿಯನ್ನು ದಾಟಲು ಅದು ಅನುಮತಿ ಕೊಡುತ್ತದೆ. ಬದಲಿಗೆ ಕೆಲವು ಮನೆಗಳನ್ನು ಬಡ ಕುಟುಂಬಗಳ ಶಕ್ತಿಗೆ ತಕ್ಕ ಬಾಡಿಗೆಗೆ ಮೀಸಲಿಡಬೇಕೆಂದು ಕೇಳುತ್ತದೆ. ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಕಟ್ಟುವ ಹಕ್ಕನ್ನೇ ಟಿ.ಡಿ.ಆರ್. (ಬೇರೆಯವರಿಗೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ರೂಪದಲ್ಲಿ ಕೊಡುವುದನ್ನು ಬಲ್ಲವರಿಗೆ ಈ ತರ್ಕ ಹೊಸದೆನಿಸದು.

ಲೆಕ್ಕವನ್ನೇ ನೋಡೋಣ. ನಿಯಮದ ಪ್ರಕಾರ 40 ಮನೆ ಕಟ್ಟಬಹುದಾದ ನಿವೇಶನವೊಂದಿದೆ ಎನ್ನಿ. ಬಿಲ್ಡರು ಅದರಲ್ಲಿ ಶೇ 15ರಷ್ಟನ್ನು, ಅಂದರೆ 6 ಮನೆಗಳನ್ನು, ಅತಿ ಕಡಿಮೆ ಆದಾಯದವರಿಗೆ ಮೀಸಲಿಟ್ಟರೆ 2021ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಶೇ 50 ಬೋನಸ್ ಸಿಗುತ್ತದೆ. ಒಟ್ಟು 60 ಮನೆ. ಮಾರುಕಟ್ಟೆ ದರಕ್ಕೆ ಬಿಡಲು ಸಿಗುವವು 54. ಪ್ರದೇಶದ ಕುಟುಂಬಗಳನ್ನೆಲ್ಲ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಗಳಿಕೆಯ ಅರ್ಧವನ್ನು ಮೀರದವರೇ ಇಲ್ಲಿ ‘ಅತಿ ಕಡಿಮೆ ಆದಾಯ’ದವರು. ಅವರ ಬಾಡಿಗೆಯು ಆ ಅರ್ಧ ಗಳಿಕೆಯ ಶೇ 30ನ್ನು ಮೀರುವಂತಿಲ್ಲ, ಮತ್ತು ಈ ಕಟ್ಟುಪಾಡು 55 ವರ್ಷ ಆಸ್ತಿಯ ದಾಖಲೆಯಲ್ಲೇ ಉಳಿಯುತ್ತದೆ. ಶೇ 15 ಎಂಬುದು ಮೂಲ ಸಂಖ್ಯೆಯ ಮೇಲಿನ ಲೆಕ್ಕವೆಂಬುದನ್ನು ಮಾತ್ರ ಮರೆಯಬಾರದು. ಎದ್ದು ನಿಂತ ಕಟ್ಟಡದಲ್ಲಿ ಅಗ್ಗದ ಮನೆಗಳ ಪಾಲು ಶೇ 10 ಅಷ್ಟೇ, ಆದರೂ ಜಾಹೀರಾತುಗಳಲ್ಲಿ ದೊಡ್ಡ ಸಂಖ್ಯೆಯೇ ಮೆರೆಯುತ್ತದೆ.

ಬಿಲ್ಡರಿಗೆ ಇದು ಗಿಟ್ಟುವುದು ಹೇಗೆ? ಉತ್ತರ ನೆಲದ ಬೆಲೆಯಲ್ಲಿದೆ. ಮದುವೆ ಛತ್ರದ ಬಾಡಿಗೆ ಇನ್ನೂರು ಎಲೆ ಹಾಕಿದರೂ ಮುನ್ನೂರು ಎಲೆ ಹಾಕಿದರೂ ಒಂದೇ. ಏರುವುದು ಊಟದ ಖರ್ಚು ಮಾತ್ರ. ನಿವೇಶನವೂ ಹಾಗೆಯೇ. ಅದಕ್ಕೆ 80 ಲಕ್ಷ ಡಾಲರ್ ಕೊಟ್ಟಿದ್ದರೆ 40 ಮನೆಗಳಲ್ಲಿ ಒಂದೊಂದರ ತಲೆಯ ಮೇಲೆ 2 ಲಕ್ಷ ಡಾಲರಿನ ನೆಲದ ಭಾರ ಬೀಳುತ್ತದೆ. ಬೋನಸ್ ಬಂದ ಮೇಲೆ, ಅಗ್ಗದ ಆರು ಮನೆಗಳ ಮೇಲೆ ನೆಲದ ಬೆಲೆಯನ್ನು ಚೂರೂ ಹೊರಿಸದೆ ಉಳಿದ 54ರ ಮೇಲೆಯೇ ಹಂಚಿದರೂ ತಲಾ ಸುಮಾರು 1.48 ಲಕ್ಷ ಡಾಲರ್ ಆಗುತ್ತದೆ. 54 ಮನೆಗಳಿಗೂ ಸೇರಿ ಉಳಿತಾಯ 28 ಲಕ್ಷ ಡಾಲರ್. ಆರು ಮನೆಗಳನ್ನು ಕಟ್ಟಿ ಕಡಿಮೆ ಬಾಡಿಗೆಗೆ ಬಿಡುವುದರಿಂದಾಗುವ ನಷ್ಟ ಈ ಮೊತ್ತದೊಳಗೆ ಅಡಗಿದರೆ ಬಿಲ್ಡರು ಬೋನಸ್ ಕೇಳಿಕೊಂಡು ತಾನಾಗಿಯೇ ಬರುತ್ತಾನೆ. ಅಡಗದಿದ್ದರೆ ಯಾವ ಭಾಷಣಕ್ಕೂ ಬಗ್ಗುವುದಿಲ್ಲ. ಆದ್ದರಿಂದಲೇ ನೆಲದ ಬೆಲೆ ಗಗನಕ್ಕೇರಿದ ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊದಂಥ ನಗರಗಳಲ್ಲಿ ಬೋನಸ್ಸಿಗೆ ಬೇಡಿಕೆಯಿದೆ, ನೆಲ ಅಗ್ಗವಾಗಿರುವ ಊರುಗಳಲ್ಲಿ ಅದನ್ನು ಕೇಳುವವರು ಕಡಿಮೆ.

ಮನೆಗಳ ಸಂಖ್ಯೆ ಹೆಚ್ಚಿಸಲು ಒಪ್ಪಿ, ಎತ್ತರದ ಮಿತಿ ಮತ್ತು ಕಟ್ಟಡದ ಸುತ್ತ ಖಾಲಿ ಜಾಗ ಬಿಡಬೇಕೆನ್ನುವ ಸೆಟ್‌ಬ್ಯಾಕ್‌ಗಳನ್ನು ಹಾಗೆಯೇ ಉಳಿಸಿಕೊಂಡರೆ ಬೋನಸ್ ಕಾಗದದ ಮೇಲೆ ಮಾತ್ರ ಉಳಿದೀತು. ಆದ್ದರಿಂದ ಹೆಚ್ಚುವರಿ ಮನೆಗಳನ್ನು ಭೌತಿಕವಾಗಿಯೇ ಅಸಾಧ್ಯವಾಗಿಸುವ ನಿಯಮಗಳಿಂದ ವಿನಾಯಿತಿಯನ್ನೂ, ಕಟ್ಟುವ ಖರ್ಚನ್ನು ನಿಜವಾಗಿ ತಗ್ಗಿಸುವ ಕೆಲವು ರಿಯಾಯಿತಿಗಳನ್ನೂ ಕಾನೂನು ಒದಗಿಸುತ್ತದೆ. ಪಾರ್ಕಿಂಗ್ ನಿಯಮವನ್ನು ಸಡಿಲಿಸಿದ್ದು ಇದರಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುತ್ತದೆ. ನೆಲದಡಿಯಲ್ಲಿ ಕಾರು ನಿಲ್ಲಿಸಲು ಮಣ್ಣು ತೆಗೆಯಬೇಕು, ಅಕ್ಕಪಕ್ಕದ ಕಟ್ಟಡಗಳು ಕುಸಿಯದಂತೆ ತಡೆಗೋಡೆ ಹಾಕಬೇಕು, ಇಳಿಜಾರಿಗೆ ಜಾಗ ಬಿಡಬೇಕು, ಕಾರು ತಿರುಗುವ ಅಂತರಕ್ಕೆ ತಕ್ಕಂತೆ ಕಂಬಗಳನ್ನು ನಿಲ್ಲಿಸಬೇಕು. ಈ ಕಂಬಗಳ ಸಾಲು ಮೇಲಿನ ಮನೆಗಳ ಗೋಡೆಗಳಿಗೆ ಹೊಂದುವುದೂ ಅಪರೂಪ. ಆ ಖರ್ಚೆಲ್ಲ ಕೊನೆಗೆ, ಕಾರೇ ಇಲ್ಲದವರ ಬಾಡಿಗೆಯಲ್ಲೂ ಸೇರುತ್ತದೆ.

ಬೋನಸ್ಸಿಗೆ ಭೌತಿಕ ಮೇಲ್ಮಿತಿಯೊಂದೂ ಇದೆ. ಇಟ್ಟಿಗೆ, ಕಾಂಕ್ರೀಟು ನೋಡಿ ಬೆಳೆದ ನಮಗೆ ವಿಚಿತ್ರವೆನಿಸಿದರೂ, ಅಲ್ಲಿನ ಮಧ್ಯಮ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಕೆಳಗೆ ಒಂದೆರಡು ಮಹಡಿ ಕಾಂಕ್ರೀಟ್, ಅದರ ಮೇಲೆ ಐದು ಮಹಡಿ ಮರದ ಚೌಕಟ್ಟು. ಜನ ಬಳಸುವ ಅತಿ ಮೇಲಿನ ನೆಲವು ಅಗ್ನಿಶಾಮಕ ವಾಹನ ನಿಲ್ಲುವ ಮಟ್ಟದಿಂದ 75 ಅಡಿ ದಾಟಿದರೆ ಕಟ್ಟಡವನ್ನು ಬಹುಮಹಡಿಯೆಂದು ಎಣಿಸಲಾಗುತ್ತದೆ. ಆಗ ಹೊಗೆ ನುಗ್ಗದ ಮೆಟ್ಟಿಲು, ತುರ್ತು ವಿದ್ಯುತ್ತು, ಅಗ್ನಿ ನಿಯಂತ್ರಣ ಕೊಠಡಿ ಎಲ್ಲವೂ ಕಡ್ಡಾಯ, ಸಾಮಾನ್ಯ ಮರದ ಚೌಕಟ್ಟಿಗೂ ವಿದಾಯ ಹೇಳಬೇಕು. ಖರ್ಚು ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರದೆ ಒಮ್ಮೆಲೇ ಜಿಗಿಯುವುದರಿಂದ, ಕಾನೂನು ಇನ್ನೆರಡು ಮಹಡಿಗೆ ಒಪ್ಪಿದರೂ ಬಿಲ್ಡರು ಬೇಡವೆನ್ನುವುದುಂಟು.

ಕಟ್ಟುವ ಹಕ್ಕನ್ನೇ ನಾಣ್ಯವಾಗಿ ಚಲಾಯಿಸುವ ಈ ಉಪಾಯಕ್ಕೆ ಹಳೆಯ ಬೇರುಗಳಿವೆ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ ವಿನ್ಯಾಸಗೊಳಿಸಿದ ಸೀಗ್ರಾಂ ಕಟ್ಟಡ 1958ರಲ್ಲಿ ತನ್ನ ಮುಂದೆ ವಿಶಾಲ ಅಂಗಳ ಬಿಟ್ಟುಕೊಂಡು ನಿಂತಾಗ ನ್ಯೂಯಾರ್ಕ್ ಮರುಳಾಯಿತು. 1961ರ ವಲಯ ನಿಯಮವು ಅಂಥ ಅಂಗಳ ಬಿಟ್ಟವರಿಗೆ, ಅತಿ ಹೆಚ್ಚು ಸಾಂದ್ರತೆಯ ವಲಯಗಳಲ್ಲಿ, ಪ್ರತಿ ಚದರಡಿಗೆ 10 ಚದರಡಿ ಹೆಚ್ಚುವರಿ ಕಟ್ಟಡವನ್ನು ದಯಪಾಲಿಸಿತು. ಹೀಗೆ ಹುಟ್ಟಿದ 503 ಜಾಗಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅವುಗಳಲ್ಲಿ ಶೇ 41ರಷ್ಟು ಜನರ ಉಪಯೋಗಕ್ಕೆ ಅಷ್ಟಾಗಿ ಬಾರದವೆಂದು ಕಂಡಿತು. ಬಿಲ್ಡರುಗಳು ಮೇಲಿನ ಮಹಡಿಗಳನ್ನು ಗಳಿಸಿಕೊಂಡರು, ಊರಿಗೆ ಗಾಳಿ ಬೀಸುವ ಬರಡು ಕಲ್ಲುಹಾಸು ಸಿಕ್ಕಿತು. ಅಂಗಳದ ಗುಣವನ್ನು ಅಳೆಯುವುದು ಕಷ್ಟ, ಬಾಡಿಗೆಯನ್ನು ಅಳೆಯಬಹುದು. ವಸತಿ ಬೋನಸ್ ಇದಕ್ಕಿಂತ ಉತ್ತಮವಾದದ್ದು ಈ ಕಾರಣಕ್ಕೇ.

ಆದರೂ ಒಂದು ವಿರೋಧಾಭಾಸವನ್ನು ಅದರ ಅಭಿಮಾನಿಗಳು ಮುಚ್ಚಿಡುತ್ತಾರೆ. ಮೂಲ ಮಿತಿ ಬಿಗಿಯಾಗಿದ್ದರೆ ಮಾತ್ರ ಅದನ್ನು ದಾಟುವ ಹಕ್ಕಿಗೆ ಬೆಲೆ. ವಸತಿ ಕೊರತೆ ನೀಗಲೆಂದು ನಗರ ಎಲ್ಲರಿಗೂ ಹೆಚ್ಚು ಕಟ್ಟಲು ಬಿಟ್ಟರೆ ಬೋನಸ್ ಯಾರಿಗೂ ಬೇಡವಾಗುತ್ತದೆ. ಬೋನಸ್ ಆಕರ್ಷಕವಾಗಿರಲೆಂದು ಮಿತಿಯನ್ನು ಬಿಗಿಯಾಗಿಟ್ಟರೆ ಕೊರತೆ ಮುಂದುವರಿಯುತ್ತದೆ. ಸಾಲದ್ದಕ್ಕೆ, ಬೋನಸ್ ಖಚಿತವೆಂದು ತಿಳಿದ ನೆಲದ ಮಾಲೀಕ ಅದರ ಲಾಭವನ್ನು ಮುಂಚೆಯೇ ನಿವೇಶನದ ಬೆಲೆಗೆ ಸೇರಿಸಿ ಹೇಳಬಹುದು. ಈ ಸಿಕ್ಕಿನಿಂದ ಹೊರಬರಲು ನ್ಯೂಯಾರ್ಕ್ 2016ರಲ್ಲಿ ಬೇರೆ ದಾರಿ ಹಿಡಿದು, ಮನೆಗಳ ಮಿತಿಯನ್ನು ಗಣನೀಯವಾಗಿ ಹೆಚ್ಚಿಸುವ ಬಡಾವಣೆಗಳಲ್ಲಿ ಅಗ್ಗದ ಮನೆಗಳ ಪಾಲನ್ನು ಕಡ್ಡಾಯಗೊಳಿಸಿತು. ಅದನ್ನು ಮೊದಲು ಅನ್ವಯಿಸಿದ್ದು ಬ್ರೂಕ್ಲಿನ್‌ನ ಈಸ್ಟ್ ನ್ಯೂಯಾರ್ಕ್ ಬಡಾವಣೆಗೆ. ಅಲ್ಲಿ ಮಾರುಕಟ್ಟೆ ಬಾಡಿಗೆಯೇ ಹೊಸ ಕಟ್ಟಡದ ಖರ್ಚನ್ನು ತುಂಬುವಷ್ಟಿರಲಿಲ್ಲವಾದ್ದರಿಂದ, ನಗರವು ಕೊನೆಗೆ ಸಬ್ಸಿಡಿಗಾಗಿ ಖಜಾನೆಯನ್ನೇ ತೆರೆಯಬೇಕಾಯಿತು.